ಮಾರ್ಕೋನಹಳ್ಳಿ ಶೆಡ್ಡಿನ ಎರಡು ಶಾರ್ಟ್‌ಕಟ್

ಡೆಸ್ಕ್‌ಟಾಪಿನ ಮೇಲೆ ಎರಡು ಶಾರ್ಟ್‌ಕಟ್ ಮಾಡಿಡುವುದು ಒಂದು ಕೆಲಸವೇ ಅಲ್ಲ. ಮೌಸ್ ಹಿಡಿಯಲು ಬರುವ ಯಾರಾದರೂ ಟೀ ಆರುವುದರೊಳಗೆ ಮಾಡಿ ಮುಗಿಸುತ್ತಾರೆ. ಅಂಥ ಕೆಲಸಕ್ಕಾಗಿ ನಾನು ಉಪ್ಪಾರಹಳ್ಳಿಯ ನನ್ನ ಅಂಗಡಿಗೆ ಮತ್ತೆ ಮತ್ತೆ ಬೀಗ ಹಾಕಿಕೊಂಡು ಕುಣಿಗಲ್ ರಸ್ತೆಯಲ್ಲಿ ಬೈಕು ಓಡಿಸಿದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬರೆದರೆ ಇಳಿದೀತೇನೋ.

ಒಂದು ತೆಂಗಿನಪುಡಿ ಕಂಪನಿಯ ಕಂಪ್ಯೂಟರ್, ಮೇಲ್, ಪ್ರಿಂಟರ್ ಎಲ್ಲ ನನ್ನ ಸುಪರ್ದಿನಲ್ಲಿವೆ. ಹೆಡ್ ಆಫೀಸು ತುಮಕೂರಿನಲ್ಲಿ. ಒಂದು ಶೆಡ್ಡು ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ, ಇನ್ನೊಂದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಹತ್ತಿರ. ಶೆಡ್ಡುಗಳಲ್ಲಿ ಪುಡಿಯ ಮೂಟೆಗಳನ್ನು ಲಾಟು ಲಾಟಾಗಿ ಪೇರಿಸಿರುತ್ತಾರೆ. ಯಾವ ಲಾರಿಗೆ ಯಾವ ಲಾಟು ತುಂಬಬೇಕೆಂದು ಮೊದಲೆಲ್ಲ ಫೋನಿನಲ್ಲೇ ಹೇಳುತ್ತಿದ್ದರು. ಈಗ ಮಾಲು ಕೊಳ್ಳುವ ಬಿಸ್ಕತ್ತಿನವರು ಪ್ರತಿಯೊಂದೂ ಬರಹದಲ್ಲಿರಬೇಕು ಎನ್ನುತ್ತಾರೆ. ಹಾಗಾಗಿ ಆರ್ಡರು ಬರುವುದೂ ಮೇಲಿನಲ್ಲಿ, ತುಂಬಿ ಆಯಿತೆಂದು ತಿಳಿಸುವುದೂ ಮೇಲಿನಲ್ಲಿ.

ಮಾರ್ಕೋನಹಳ್ಳಿ ಶೆಡ್ಡಿನ ಸೂಪರ್‌ವೈಸರ್ ನನಗಿಂತ ಹಿರಿಯರು. ಕಾಯಿ ಒಣಗಲು ಹಾಕುವ ಕೊಬ್ಬರಿ ಅಟ್ಟದಲ್ಲಿ ಕೆಲಸ ಮಾಡುತ್ತಿದ್ದಾಗ ಏಣಿಯಿಂದ ಬಿದ್ದು ಸೊಂಟ ಮುರಿದಿತ್ತು. ಅಂದಿನಿಂದ ಕುರ್ಚಿ ಕೆಲಸ. ಮೂಟೆಯನ್ನು ಮುಟ್ಟಿ ನೋಡಿಯೇ ಒಳಗಿನ ಪುಡಿ ತೇವವೋ ಒಣವೋ ಹೇಳುವ ಮನುಷ್ಯ. ಆದರೆ ಮೇಲ್ ತೆರೆದರೆ ಮಾತ್ರ ಕಂಗಾಲು. ಹೆಡ್ ಆಫೀಸಿನಿಂದ ರಜೆ ಸುತ್ತೋಲೆ, ಹುಟ್ಟುಹಬ್ಬದ ಶುಭಾಶಯ, ವಿಮೆ ಕಂಪನಿಯ ಜಾಹೀರಾತು ಎಲ್ಲ ಒಂದೇ ರಾಶಿಯಲ್ಲಿ ಬಂದು ಬೀಳುತ್ತಿದ್ದವು. ಆ ರಾಶಿಯಲ್ಲಿ ಲೋಡಿಂಗ್ ಆರ್ಡರು ಸಿಗದೆ ಹಳೆಯದನ್ನೇ ಓದಿ ಒಂದು ಲಾರಿಗೆ ಬೇರೆ ಲಾಟು ತುಂಬಿ ಕಳಿಸಿದ್ದರು. ಮಾಲು ವಾಪಸ್ ಬಂತು.

ಆಗಲೇ ಹೆಡ್ ಆಫೀಸಿನ ಮ್ಯಾನೇಜರ್ ನನಗೆ ಫೋನ್ ಮಾಡಿದ್ದು.

"ನೋಡ್ರಿ, ಆ ಯಜಮಾನ್ರು ಒಳ್ಳೆಯವ್ರು, ನನಗೂ ಗೊತ್ತು. ಆದ್ರೆ ಇನ್ನೊಂದ್ಸಲ ತಪ್ಪು ಲಾಟ್ ಹೋದ್ರೆ ಅವರನ್ನ ಇಟ್ಕೊಳ್ಳೋಕಾಗಲ್ಲ. ಡಿಗ್ರಿ ಆಗಿರೋ ಹುಡುಗ ಒಬ್ಬ ಇದಾನೆ, ಅವನ್ನ ಕೂರಿಸ್ತೀವಿ."

"ಅವರನ್ನ ಎಲ್ಲಿಗೆ ಹಾಕ್ತೀರಾ ಸಾರ್?"

"ಅಟ್ಟಕ್ಕೇ ವಾಪಸ್. ಬೇರೆ ಕೆಲ್ಸ ಎಲ್ಲಿದೆ?"

ಏಣಿ ಹತ್ತಲಾಗದವರಿಗೆ ಅಟ್ಟಕ್ಕೆ ಹೋಗು ಎಂದರೆ ಮನೆಗೆ ಹೋಗು ಎಂದ ಹಾಗೆ. ಅದು ಮ್ಯಾನೇಜರಿಗೂ ಗೊತ್ತಿತ್ತು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಡಿಗ್ರಿ ಹುಡುಗ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. "ಅದೇನು ಸಾರ್, ಆರ್ಡರಿಗೆ ಒಂದು, ವಾಪಸ್ ಕಳಿಸೋಕೆ ಒಂದು, ಎರಡು ಶಾರ್ಟ್‌ಕಟ್ ಇಟ್ಕೊಟ್ರೆ ಮುಗೀತು. ಅವರು ರಾಶಿಗೆ ಕೈ ಹಾಕೋದೇ ಬೇಡ. ಒಂದು ದಿನದ ಕೆಲ್ಸ ಬಿಡಿ," ಎಂದುಬಿಟ್ಟೆ.

ಮೊದಲ ದಿನ ಹೋದಾಗ ಮಾಡಿದ್ದು ಸುಲಭದ ದಾರಿ. ಮೇಲ್ ಪ್ರೋಗ್ರಾಮನ್ನು ಸ್ವಲ್ಪ ಚಿಕ್ಕದು ಮಾಡಿ, ಅವತ್ತಿನ ಲೋಡಿಂಗ್ ಮೇಲನ್ನು ಮೌಸಿನಲ್ಲಿ ಹಿಡಿದು ಎಳೆದು ಡೆಸ್ಕ್‌ಟಾಪಿನ ತಳದ ಅಂಚಿಗೆ ಬಿಟ್ಟೆ. ಲಕೋಟೆಯ ಚಿತ್ರದ ಐಕಾನ್ ಬಂತು. ಆರ್ಡರು ಬದಲಾದರೆ ಹೆಡ್ ಆಫೀಸಿನವರು ಅದೇ ಮೇಲಿಗೆ ಉತ್ತರ ಬರೆಯುತ್ತಾ ಹೋಗುತ್ತಿದ್ದರು. ಹಾಗಾಗಿ ಈ ಐಕಾನ್ ಒತ್ತಿದರೆ ಅದರ ಬಾಲದಲ್ಲಿರುವ ಹೊಸದೂ ಸಿಗುತ್ತದೆ ಎಂದು ನನ್ನ ಲೆಕ್ಕ. ಸೂಪರ್‌ವೈಸರ್ ಎರಡು ಸಲ ಒತ್ತಿ ನೋಡಿ, "ಭಲೇ, ಬಂತು ಕಣಪ್ಪ," ಎಂದರು.

ಬಂದಿದ್ದು ಮೇಲ್ ಅಲ್ಲ, ಅದರ ನಕಲು. ಫೈಲಿಗೆ ಶಾರ್ಟ್‌ಕಟ್ ಮಾಡುವಂತೆಯೇ ಮೇಲಿಗೂ ಎಂದುಕೊಂಡಿದ್ದೆ. ಹಾಗಲ್ಲ. ಎಳೆದು ಬಿಟ್ಟಾಗ ಪ್ರೋಗ್ರಾಂ ಆ ಗಳಿಗೆಯ ಮೇಲನ್ನು ಒಂದು ಬೇರೆ ಫೈಲಾಗಿ ಬರೆದಿಡುತ್ತದೆ. ಒಳಗಿನ ಮೇಲಿಗೂ ಅದಕ್ಕೂ ಆಮೇಲೆ ಸಂಬಂಧವೇ ಇಲ್ಲ. ಮಾರನೇ ದಿನ ಆರ್ಡರು ಬದಲಾಗಿ ಹೊಸ ಮೇಲ್ ಬಂದಿದೆ. ಸೂಪರ್‌ವೈಸರ್ ನಾನು ಹೇಳಿಕೊಟ್ಟಂತೆ ಐಕಾನ್ ಒತ್ತಿ, ಹಿಂದಿನ ದಿನದ್ದನ್ನೇ ಓದಿ, ಅರ್ಧ ಲಾರಿ ತುಂಬಿಸಿದ್ದಾರೆ. ಪುಣ್ಯಕ್ಕೆ ಲಾರಿ ಡ್ರೈವರ್ ಬೇರೆ ಏನೋ ಕೇಳಲು ಹೆಡ್ ಆಫೀಸಿಗೆ ಫೋನ್ ಮಾಡಿದಾಗ ಗೊತ್ತಾಗಿ, ತುಂಬಿದ್ದನ್ನೆಲ್ಲ ಇಳಿಸಿದರು.

ಮ್ಯಾನೇಜರ್ ನನಗೇನೂ ಬೈಯಲಿಲ್ಲ. "ಗೇಟ್ ದಾಟಿರಲಿಲ್ಲ, ಅದಕ್ಕೆ ಇದನ್ನ ಎಣಿಸಲ್ಲ," ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಎರಡನೇ ಉಪಾಯಕ್ಕೆ ಸರಿಯಾಗಿ ಕೂತೆ. ಒಂದು ಮೇಲಿಗಲ್ಲ, ಒಂದು ಫೋಲ್ಡರಿಗೇ ಶಾರ್ಟ್‌ಕಟ್ ಇರಬೇಕು. ಹೆಡ್ ಆಫೀಸಿನ ಲೋಡಿಂಗ್ ವಿಳಾಸದಿಂದ ಬಂದಿದ್ದೆಲ್ಲ ತಾನೇ ಹೋಗಿ ಅದರಲ್ಲಿ ಬೀಳುವಂತೆ ಪ್ರೋಗ್ರಾಮಿನಲ್ಲಿ ರೂಲ್ ಬರೆಯಬೇಕು. ಆಗ ಐಕಾನ್ ಒತ್ತಿದರೆ ಫೋಲ್ಡರ್ ತೆರೆದು, ಎಲ್ಲಕ್ಕಿಂತ ಹೊಸ ಆರ್ಡರು ಮೇಲೆ ನಿಲ್ಲುತ್ತದೆ. ಆದರೆ ಫೋಲ್ಡರನ್ನು ಎಳೆದು ಹೊರಗೆ ಬಿಡಲು ಈ ಪ್ರೋಗ್ರಾಂ ಒಪ್ಪುವುದಿಲ್ಲ. ಖಾಲಿ ಜಾಗದಲ್ಲಿ ಬಲ ಬಟನ್ ಒತ್ತಿ, ಹೊಸ ಶಾರ್ಟ್‌ಕಟ್ ಎಂದು ಕೊಟ್ಟು, ಅದರ ವಿಳಾಸವನ್ನು ಕೈಯಾರೆ ಬರೆಯಬೇಕು: ಮೊದಲು ಪ್ರೋಗ್ರಾಂ ಎಲ್ಲಿ ಕೂತಿದೆ ಎನ್ನುವ ದಾರಿ, ಆಮೇಲೆ ಈ ಫೋಲ್ಡರನ್ನು ಆರಿಸು ಎನ್ನುವ ಆಜ್ಞೆ, ಕೊನೆಗೆ ಮೇಲ್‌ಬಾಕ್ಸಿನ ಹೆಸರು, ಅದರೊಳಗಿನ ಫೋಲ್ಡರಿನ ಹೆಸರು.

ಇದನ್ನು ನನ್ನ ಅಂಗಡಿಯಲ್ಲೇ ಮಾಡಿ ನೋಡಿದೆ. ಪ್ರೋಗ್ರಾಂ ತೆರೆಯಿತು, ಫೋಲ್ಡರ್ ತೆರೆಯಲಿಲ್ಲ. ಮತ್ತೆ ಬರೆದೆ. ಫೋಲ್ಡರ್ ಸಿಗುತ್ತಿಲ್ಲ ಎಂದಿತು. ಇಡೀ ಮಧ್ಯಾಹ್ನ ಹಾಗೇ ಹೋಯಿತು. ಮೇಲ್‌ಬಾಕ್ಸಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಜಾಗ ಇತ್ತು. ಆ ಜಾಗ ಸಿಕ್ಕ ಕೂಡಲೇ ಹೆಸರು ಮುಗಿಯಿತು ಎಂದುಕೊಂಡು ಯಂತ್ರ ನಿಂತುಬಿಡುತ್ತಿತ್ತು. ಪೂರ್ತಿ ಹೆಸರಿನ ಆಚೆ ಈಚೆ ಉದ್ಧರಣ ಚಿಹ್ನೆ ಹಾಕಿದ ಮೇಲೆ ಫೋಲ್ಡರ್ ತೆರೆಯಿತು. ಕಾಲೇಜು ಮೆಟ್ಟಿಲು ಹತ್ತದವನು ಇದನ್ನು ಹುಡುಕಿಕೊಂಡೆ ಎಂಬ ಹೆಮ್ಮೆಯಲ್ಲಿ ಎದುರಿನ ಹೋಟೆಲಿಗೆ ಹೋಗಿ ಎರಡು ತಟ್ಟೆ ಇಡ್ಲಿ ತಿಂದೆ.

ಎರಡನೇ ಶಾರ್ಟ್‌ಕಟ್ ಸಲೀಸು. ಒತ್ತಿದರೆ ಹೊಸ ಮೇಲ್ ತೆರೆಯಬೇಕು, ವಿಳಾಸದ ಜಾಗದಲ್ಲಿ ಹೆಡ್ ಆಫೀಸು, ವಿಷಯದ ಜಾಗದಲ್ಲಿ 'ಲೋಡ್ ಆಯಿತು' ಎಂದು ಮೊದಲೇ ತುಂಬಿರಬೇಕು. ಅದು ಒಂದೇ ಸಲಕ್ಕೆ ಬಂತು.

ನಿಟ್ಟೂರಿನ ಶೆಡ್ಡಿಗೆ ಮೊದಲು ಹಾಕಿದೆ. ಅಲ್ಲಿ ಅವತ್ತಿನಿಂದ ಇವತ್ತಿನವರೆಗೆ ಒಂದು ದೂರೂ ಇಲ್ಲ. ಅದೇ ವಾರ ಮಾರ್ಕೋನಹಳ್ಳಿಗೂ ಹಾಕಿ, ಸೂಪರ್‌ವೈಸರ್ ಕೈಯಲ್ಲೇ ಒತ್ತಿಸಿ, ಅವರೇ ಓದುವುದನ್ನು ಕೇಳಿಸಿಕೊಂಡು ಬಂದೆ.

ಮಾರನೇ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೇ ಅವರ ಫೋನು.

"ಏನಪ್ಪ, ನೀನು ಇಕ್ಕಿದ್ದು ಒತ್ತಿದ್ರೆ ಆರ್ಡರ್ ಬರಲ್ಲ. ಅದೇನೋ ಒಂದು ಸಣ್ಣ ಚೀಟಿ ಬತ್ತದೆ."

"ಎಂಥ ಚೀಟಿ?"

"ಇಂಗ್ಲಿಷ್ನಾಗೆ ಏನೇನೋ ಬರ್ದದೆ. ಕೆಳಗೆ ಎರಡು ಮೂರು ಬಟನ್ನು."

ನನ್ನ ಅಂಗಡಿಯಿಂದಲೇ ಅವರ ಕಂಪ್ಯೂಟರಿಗೆ ಕನೆಕ್ಟ್ ಆಗಿ ನೋಡಿದೆ. ಡೆಸ್ಕ್‌ಟಾಪಿನ ಮೇಲೆ ನನ್ನ ಎರಡೂ ಐಕಾನ್ ಇಲ್ಲ. ಬರೀ ಕಪ್ಪು ಪರದೆ, ಮೂಲೆಯಲ್ಲಿ ರಿಸೈಕಲ್ ಬಿನ್. ಬಿನ್ ತೆರೆದೆ. ಎರಡೂ ಅದರೊಳಗಿದ್ದವು. ಅಳಿಸಿ ಹಾಕಿದ ವಸ್ತುವನ್ನು ಅಲ್ಲಿ ಒತ್ತಿದರೆ ಅದು ತೆರೆಯುವುದಿಲ್ಲ, ಎಲ್ಲಿತ್ತು, ಯಾವಾಗ ಅಳಿಸಿದ್ದು ಎನ್ನುವ ವಿವರ ಬರುತ್ತದೆ. ಅವರ ಚೀಟಿ ಅದೇ.

"ಯಾರು ಡಿಲೀಟ್ ಮಾಡಿದ್ದು ಯಜಮಾನ್ರೇ?"

"ಯಾರು ಮುಟ್ತಾರಪ್ಪ? ಇಲ್ಲಿ ನಾನೊಬ್ನೇ."

"ನೀವೇ ಏನಾದ್ರೂ ಗೊತ್ತಿಲ್ದಂಗೆ ಬಟನ್ ಒತ್ತಿದ್ರಾ?"

"ನಾನು ಆ ಬಟನ್ ತಂಟೆಗೇ ಹೋಗಿಲ್ಲ ಕಣಪ್ಪ."

ವಾಪಸ್ ಡೆಸ್ಕ್‌ಟಾಪಿಗೆ ತಂದಿಟ್ಟೆ. ಅವತ್ತು ಆರ್ಡರು ಓದಿಕೊಂಡರು. ಮಾರನೇ ದಿನ ಮತ್ತೆ ಚೀಟಿ. ಅದರ ಮಾರನೇ ದಿನವೂ ಚೀಟಿ. ಪ್ರತಿ ಬೆಳಿಗ್ಗೆ ನಾನು ಇಲ್ಲಿಂದ ಎತ್ತಿ ಹೊರಗಿಡುವುದು, ಮಾರನೆಯ ಬೆಳಿಗ್ಗೆಗೆ ಅವು ಬಿನ್ನಿನೊಳಗೆ ಹೋಗಿ ಕೂರುವುದು. ಅಂಗಡಿಗೆ ಬಂದ ಗಿರಾಕಿಗಳನ್ನು ಕಾಯಿಸಿ ಇದನ್ನು ಮಾಡುತ್ತಿದ್ದೆ.

ಯಂತ್ರದ ಮೇಲೆ ನನಗೆ ಸಂಶಯ ಶುರುವಾಯಿತು. ಕೆಲವು ಆಂಟಿವೈರಸ್‌ಗಳು ಆಜ್ಞೆ ಇರುವ ಶಾರ್ಟ್‌ಕಟ್ ಕಂಡರೆ ಹಿಡಿದು ಹಾಕುತ್ತವೆ. ಅದರ ದಾಖಲೆ ತೆಗೆದು ನೋಡಿದೆ, ಅದು ಏನನ್ನೂ ಮುಟ್ಟಿರಲಿಲ್ಲ. ಬಳಸದ ಐಕಾನನ್ನು ಗುಡಿಸುವ ವ್ಯವಸ್ಥೆ ಏನಾದರೂ ಇದೆಯೇ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ನಿಲ್ಲಿಸಿದೆ. ಬಳಕೆದಾರರ ಖಾತೆ ಹಾಳಾಗಿರಬಹುದೆಂದು ಹೊಸ ಖಾತೆ ಮಾಡಿ, ಮೇಲನ್ನು ಮೊದಲಿಂದ ಕೂರಿಸಿ, ರೂಲನ್ನು ಮತ್ತೆ ಬರೆದೆ. ಅದಕ್ಕಾಗಿ ಇನ್ನೊಂದು ಸಲ ಕುಣಿಗಲ್ ದಾರಿ ಹಿಡಿದೆ. ಹೊಸ ಖಾತೆಯಲ್ಲಿ ಒಂದು ದಿನ ಎಲ್ಲ ಸರಿಯಿತ್ತು. ಎರಡನೇ ದಿನ ಚೀಟಿ ಬಂತು.

ಅವತ್ತು ನನಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಅದಕ್ಕೇನು ಕಾಲು ಬಂದಿದ್ಯಾ, ತಾನೇ ನಡ್ಕೊಂಡು ಹೋಗೋಕೆ? ನೀವೇ ಡಿಲೀಟ್ ಮಾಡಿ ನನ್ನ ಹತ್ರ ಇಲ್ಲ ಅಂತೀರಾ," ಎಂದೆ.

ಅವರು, "ಸುಳ್ಳು ಹೇಳೋನಾಗಿದ್ರೆ ಬಿದ್ದು ಸೊಂಟ ಮುರ್ಕಂಡಾಗ್ಲೇ ಹೇಳ್ಬೋದಾಗಿತ್ತು, ಏಣಿ ಸರಿ ಇರ್ಲಿಲ್ಲ ಅಂತ. ಕಾಲು ಜಾರ್ತು ಅಂತ ಇದ್ದಂಗೆ ಹೇಳ್ದೋನು ನಾನು. ಬುಡು, ಆ ಹುಡುಗನ್ನೇ ಹಾಕ್ಕಳ್ಳಿ," ಎಂದು ಫೋನಿಟ್ಟರು.

ಮ್ಯಾನೇಜರಿಗೆ ಇಷ್ಟೆಲ್ಲ ತಿಳಿಯದೇ ಇರುತ್ತದೆಯೇ? ಡೆಸ್ಕ್‌ಟಾಪನ್ನೇ ಲಾಕ್ ಮಾಡಿಬಿಡಿ ಎಂದರು. ಕಂಪನಿಯ ಚಿಹ್ನೆ, ಎರಡು ಐಕಾನ್, ಬೇರೇನೂ ಅಲುಗದ ಹಾಗೆ. ಅದೂ ಆಗುವ ಕೆಲಸವೇ. ಸೆಟ್ಟಿಂಗ್ ತಯಾರು ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡೆ. "ನಾಳಿದ್ದು ದೊಡ್ಡ ಲೋಡ್ ಇದೆ, ಅಷ್ಟರೊಳಗೆ ಮಾಡಿ. ಅವತ್ತು ನೋಡ್ಕೊಂಡು ಹುಡುಗನ ವಿಷ್ಯ ತೀರ್ಮಾನ ಮಾಡ್ತೀನಿ," ಎಂದರು.

ಮಾರನೇ ಬೆಳಿಗ್ಗೆ ಬೈಕು ಹತ್ತುವಾಗ ಒಂದು ತೀರ್ಮಾನ ಮಾಡಿಕೊಂಡೆ. ಈ ಸಲ ಹೋದ ಕೂಡಲೇ ಏನನ್ನೂ ರಿಪೇರಿ ಮಾಡಬಾರದು. ಶೆಡ್ಡು ತೆಗೆಯುವ ಹೊತ್ತಿಗೇ ಹೋಗಿ, ಹಿಂದೆ ನಿಂತು, ಅವರು ಏನೇನು ಮಾಡುತ್ತಾರೋ ಬಾಯಿ ಮುಚ್ಚಿಕೊಂಡು ನೋಡಬೇಕು. ಇಷ್ಟು ದಿನ ನಾನು ನೋಡಿದ್ದು ಅವರ ಪರದೆಯನ್ನು, ಅವರನ್ನಲ್ಲ.

ಶೆಡ್ಡಿನ ಬಾಗಿಲಲ್ಲಿ ಕಾಯುತ್ತಿದ್ದೆ, ಸೂಪರ್‌ವೈಸರ್ ಬಂದರು. ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿದ್ದರು. ನನ್ನನ್ನು ಕಂಡರೂ ಕಾಣದವರಂತೆ ಬೀಗ ತೆಗೆದು, ಒಳಗೆ ಹೋಗಿ ಕಂಪ್ಯೂಟರ್ ಹಾಕಿದರು. ಅದು ಏಳುವಷ್ಟರಲ್ಲಿ ಒಂದು ಊದುಬತ್ತಿ ಹಚ್ಚಿ ಕಿಟಕಿಯ ಸಂದಿಗೆ ಸಿಕ್ಕಿಸಿದರು. ಪರದೆ ಬೆಳಗಿತು. ಪರದೆಯ ತುಂಬ ಅವರ ಮನೆದೇವರು ವೀರಭದ್ರಸ್ವಾಮಿ. ಉದ್ದನೆಯ ಪಟವನ್ನು ಅಗಲದ ಪರದೆಗೆ ಹಿಗ್ಗಿಸಿದ್ದರಿಂದ ಸ್ವಾಮಿಯ ಮುಖವೇ ಆ ಅಂಚಿನಿಂದ ಈ ಅಂಚಿನವರೆಗೆ. ಆ ಹಣೆಯ ಮೇಲೆ, ಸರಿಯಾಗಿ ವಿಭೂತಿ ಪಟ್ಟೆಯ ಜಾಗದಲ್ಲಿ, ಹಿಂದಿನ ದಿನ ನಾನು ದೂರದಿಂದ ಮತ್ತೆ ಎತ್ತಿಟ್ಟಿದ್ದ ಎರಡು ಐಕಾನ್.

ಸೂಪರ್‌ವೈಸರ್ ಕೈ ಮುಗಿದರು. ಮೌಸ್ ಹಿಡಿದು ಮೊದಲನೆಯ ಐಕಾನನ್ನು ನಿಧಾನವಾಗಿ ಎಳೆದುಕೊಂಡು ಹೋಗಿ ಮೂಲೆಯ ರಿಸೈಕಲ್ ಬಿನ್ನಿನ ಮೇಲೆ ಬಿಟ್ಟರು. ಆಮೇಲೆ ಎರಡನೆಯದು.

"ಯಜಮಾನ್ರೇ, ಏನ್ ಮಾಡ್ತಾ ಇದೀರಾ?"

"ಕಾಣಲ್ವ? ಕುಕ್ಕೆಗೆ ಹಾಕ್ತಾ ಇದೀನಿ."

"ಅದ್ಯಾಕೆ?"

"ನಿನ್ ಮಖದ್ ಮೇಲೆ ಯಾರಾದ್ರೂ ಲೇಬಲ್ ಅಂಟಿಸಿದ್ರೆ ಸುಮ್ಕಿರ್ತೀಯಾ? ಸ್ವಾಮಿ ಮಖ ಕಣಪ್ಪ ಅದು. ಬೇಕಾದಾಗ ಕುಕ್ಕೆಯಿಂದ ತಗಂಡ್ರಾಯ್ತು ಅಂತ ಒಳಿಕ್ಕೆ ಹಾಕ್ತೀನಿ. ಒಳಗ್ ಹೋದ್ಮೇಲೆ ಅದ್ಯಾಕೋ ಚೀಟಿ ಬತ್ತದೆ."

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬಿನ್ನಿನ ಬುಟ್ಟಿಯ ಚಿತ್ರ ಅವರಿಗೆ ಕೊಬ್ಬರಿ ಕುಕ್ಕೆಯಂತೆಯೇ ಕಂಡಿದೆ. ಅಟ್ಟದ ಕೆಲಸದವರಿಗೆ ಕುಕ್ಕೆಗೆ ಹಾಕುವುದು ಎಂದರೆ ಜೋಪಾನ ಮಾಡುವುದು, ಬಿಸಾಡುವುದಲ್ಲ. ಡಿಲೀಟ್ ಮಾಡಿಲ್ಲ ಎಂದಿದ್ದು ಅಕ್ಷರಶಃ ನಿಜ. ಈ ಪಟವನ್ನು ನಾನು ಮೊದಲ ದಿನವೇ ನೋಡಿದ್ದೆ. ತುಮಕೂರು ಜಿಲ್ಲೆಯಲ್ಲಿ ದೇವರ ಪಟವಿಲ್ಲದ ಕಂಪ್ಯೂಟರ್ ಹುಡುಕಿದರೂ ಸಿಗುವುದಿಲ್ಲವಾದ್ದರಿಂದ ಲಕ್ಷ್ಯ ಕೊಡಲಿಲ್ಲ. ಆಮೇಲೆ ದೂರದಿಂದ ಕನೆಕ್ಟ್ ಆದಾಗಲೆಲ್ಲ ನೆಟ್ ಉಳಿಸಲು ನನ್ನ ಸಾಫ್ಟ್‌ವೇರೇ ಹಿನ್ನೆಲೆಯ ಚಿತ್ರವನ್ನು ತೆಗೆದು ಕಪ್ಪು ಪರದೆ ತೋರಿಸುತ್ತಿತ್ತು. ಹೊಸ ಖಾತೆ ಮಾಡಿದ ಮೇಲೆ ಒಂದು ದಿನ ಸರಿಯಿದ್ದುದು ಏಕೆಂದರೆ, ಪಟ ಹಾಕಿಸಿಕೊಳ್ಳಲು ಅವರಿಗೆ ಒಂದು ದಿನ ಹಿಡಿದಿತ್ತು. ಮೊದಲ ದಿನದ ಲಕೋಟೆ ಉಳಿದದ್ದು ತಳದ ಅಂಚಿನಲ್ಲಿ, ಸ್ವಾಮಿಯ ಮುಖದಿಂದ ಕೆಳಗೆ ಇದ್ದಿದ್ದಕ್ಕೆ.

"ಇದನ್ನ ಫೋನಲ್ಲೇ ಹೇಳ್ಬಾರ್ದಾಗಿತ್ತಾ?"

"ನೀನು ಡಿಲೀಟ್ ಡಿಲೀಟ್ ಅಂತಿದ್ದೆ. ಕುಕ್ಕೆ ವಿಷ್ಯ ಯಾವಾಗ ಕೇಳ್ದೆ?"

ಪೆನ್‌ಡ್ರೈವ್ ಜೇಬಿನಲ್ಲಿತ್ತು. ಚುಚ್ಚಿದರೆ ಪಟ ಹೋಗಿ ಕಂಪನಿಯ ಚಿಹ್ನೆ ಬಂದು ಕೂರುತ್ತಿತ್ತು, ಐಕಾನುಗಳು ಅಲುಗುತ್ತಿರಲಿಲ್ಲ, ಮ್ಯಾನೇಜರ್ ಹೇಳಿದ ಕೆಲಸ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಆ ಯಂತ್ರವನ್ನು ಮುಟ್ಟುತ್ತಿದ್ದುದೇ ಕೈ ಮುಗಿದ ಮೇಲೆ. ಆ ಧೈರ್ಯ ತೆಗೆದರೆ ನಾಳೆ ಇರುವ ಎರಡು ಐಕಾನಿನಲ್ಲೂ ತಪ್ಪು ಮಾಡುತ್ತಾರೆ. ಪೆನ್‌ಡ್ರೈವನ್ನು ಹೊರಗೆ ತೆಗೆಯಲಿಲ್ಲ.

ಚಿತ್ರದ ಸೆಟ್ಟಿಂಗಿಗೆ ಹೋಗಿ, ಪರದೆ ತುಂಬ ಹಿಗ್ಗಿಸುವುದನ್ನು ಬಿಟ್ಟು, ಪಟವನ್ನು ಅದರ ಅಳತೆಯಲ್ಲೇ ಕೂರಿಸುವ ಆಯ್ಕೆ ಕೊಟ್ಟೆ. ಸ್ವಾಮಿ ನಡುವೆ ಬಂದು ನಿಂತರು, ಕಿರೀಟದಿಂದ ಪಾದದವರೆಗೆ. ಎಡಬಲದಲ್ಲಿ ಖಾಲಿ ಪಟ್ಟಿ ಉಳಿಯಿತು. ಎರಡೂ ಐಕಾನನ್ನು ಬಿನ್ನಿನಿಂದ ತಂದು ಎಡಗಡೆಯ ಪಟ್ಟಿಯಲ್ಲಿಟ್ಟೆ. ಬಿನ್ನನ್ನೇ ಕಾಣದ ಹಾಗೆ ಮಾಡಿದೆ.

"ಸ್ವಾಮಿ ಗುಡಿಯೊಳಗೆ, ಇವೆರಡೂ ಹೊರಗೆ. ಆಯ್ತಾ?"

ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಪಾದ ಈಗ ಕಾಣ್ತು ನೋಡು. ಇಷ್ಟು ದಿನ ಕತ್ತಿನ ತಂಕ ಮಾತ್ರ ಇತ್ತು. ಇದನ್ನ ಮಾಡಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?"

ಪೆನ್‌ಡ್ರೈವನ್ನು ಜೇಬಿನ ತಳಕ್ಕೆ ತಳ್ಳಿಕೊಂಡು ಬೈಕಿನ ಕಡೆ ನಡೆದೆ.

ದೊಡ್ಡ ಲೋಡಿನ ದಿನ ನಾನು ಹೋಗಬೇಕಾಗಿರಲಿಲ್ಲ, ಹೋದೆ. ಲಾರಿ ಬಂದು ಹಿಂಬದಿ ಕೊಟ್ಟು ನಿಂತಿತ್ತು. ಹಮಾಲರು ಹೆಗಲಿಗೆ ಟವೆಲ್ ಹಾಕಿಕೊಂಡು ಕಾಯುತ್ತಿದ್ದರು. ಎರಡೂ ಐಕಾನ್ ಇಟ್ಟ ಜಾಗದಲ್ಲೇ ಇದ್ದವು. ಸೂಪರ್‌ವೈಸರ್ ಮೊದಲನೆಯದನ್ನು ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಫೋಲ್ಡರ್ ತೆರೆಯಿತು, ಮೇಲುಗಡೆ ಲೋಡಿಂಗ್ ಆರ್ಡರು, ಲಾಟಿನ ನಂಬರು ದಪ್ಪಗೆ ಕಾಣುತ್ತಿತ್ತು. ಹಿಂದೆ ನಿಂತಿದ್ದ ನಾನು ಉಸಿರು ಬಿಟ್ಟೆ. ಬಾಗಿಲ ಹತ್ತಿರ ನಿಂತಿದ್ದ ಹಮಾಲರಿಗೆ ನಂಬರನ್ನು ನಾನೇ ಕೂಗಿ ಹೇಳಿದೆ. ಇಬ್ಬರು ಆ ಲಾಟಿನ ಕಡೆ ನಡೆದೇಬಿಟ್ಟರು.

"ತಡೀರೋ," ಎಂದರು ಸೂಪರ್‌ವೈಸರ್.

"ಯಾಕೆ ಯಜಮಾನ್ರೇ? ಸರಿಯಾಗೇ ಬಂದಿದ್ಯಲ್ಲ."

"ಇದು ನೆನ್ನೆ ಓದಿದ್ದು ಕಣಪ್ಪ. ಇವತ್ತಿಂದು ಬಂದಿಲ್ಲ."

"ಇವತ್ತು ಬದಲಾವಣೆ ಇಲ್ದೆ ಇರಬಹುದು. ಇಲ್ದಿದ್ರೆ ಮೇಲ್ ಬರಲ್ಲ."

"ಇರಬೋದು. ಆದ್ರೆ ದಿನಾ ಬೆಳಗ್ಗೆ ಏನಾದ್ರೂ ಒಂದು ಬತ್ತದೆ, ಏನೂ ಇಲ್ದಿದ್ರೆ ವಿಮೆಯವಂದಾದ್ರೂ ಬಂದು ಬೀಳ್ತದೆ. ಇವತ್ತು ಆ ರಾಶಿಗೂ ಒಂದೂ ಬಂದಿಲ್ಲ. ಈ ಕೆಳಗೆ ಕೆಂಪಗೆ ಒಂದು ಗುರುತು ಬೇರೆ ಬಂದದೆ, ಇದು ದಿನಾ ಇರಲ್ಲ."

ಬಗ್ಗಿ ನೋಡಿದೆ. ಸರ್ವರಿನ ಸಂಪರ್ಕ ತಪ್ಪಿದೆ ಎಂದು ಪ್ರೋಗ್ರಾಂ ತಳದಲ್ಲಿ ಸಣ್ಣಗೆ ತೋರಿಸುತ್ತಿತ್ತು. ನೆಟ್ ಇರಲಿಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಇಳಿದಿದ್ದ ಮೇಲುಗಳನ್ನೇ ನನ್ನ ಶಾರ್ಟ್‌ಕಟ್ ನಿಯತ್ತಿನಿಂದ ತೆರೆದು ತೋರಿಸಿತ್ತು.

ಲಾರಿ ಡ್ರೈವರ್ ಒಳಗೆ ಬಂದ. "ಏನ್ ಯಜಮಾನ್ರೇ, ನಂಬರ್ ಹೇಳಾಯ್ತಲ್ಲ, ತುಂಬ್ಸಿ. ಬಿಸಿಲೇರೋದ್ರೊಳಗೆ ಹೈವೇ ಹಿಡೀಬೇಕು."

"ನಂಬರ್ ಹೇಳಿದ್ದು ನಾನಲ್ಲ ಕಣ್ಲಾ. ಕೂತ್ಕೋ."

"ಕೂತ್ಕಂಡ್ರೆ ನಮ್ ಓನರ್ ಬಿಡ್ತಾನಾ? ಮೇಲ್ ನೋಡ್ಕಂಡು ಕೂತಿದ್ರು ಅಂತ ಹೇಳ್ಲಾ?"

"ಹಂಗೇ ಹೇಳು. ಮಾಲು ವಾಪಸ್ ಹೊತ್ಕಂಡು ಬಂದಾಗ ಏನ್ ಹೇಳ್ತೀಯೋ ಅದ್ನೂ ಈಗ್ಲೇ ಯೋಚ್ನೆ ಮಾಡ್ಕೋ."

ಮೋಡೆಮ್ಮಿನ ದೀಪ ಸತ್ತಿತ್ತು. ವೋಲ್ಟೇಜ್ ಏರಿಳಿದು ಅದರ ಅಡಾಪ್ಟರ್ ಸುಟ್ಟಿತ್ತು. ಬ್ಯಾಗಿನಲ್ಲಿ ಇನ್ನೊಂದಿತ್ತು, ಹಾಕಿದೆ. ದೀಪಗಳು ಒಂದೊಂದಾಗಿ ಹತ್ತುವುದನ್ನು ಡ್ರೈವರೂ ಸೇರಿ ಎಲ್ಲರೂ ನೋಡುತ್ತಾ ನಿಂತೆವು. ಕೆಂಪು ಗುರುತು ಹೋಯಿತು. ಫೋಲ್ಡರಿನೊಳಗೆ ಒಂದು ಹೊಸ ಮೇಲ್ ಬಂದು ಮೇಲೆ ಕೂತಿತು.

ಲಾಟು ಬದಲಾಗಿತ್ತು.

ಸೂಪರ್‌ವೈಸರ್ ಅದನ್ನು ಎರಡು ಸಲ ಬಾಯಿಬಿಟ್ಟು ಓದಿ, ಕುರ್ಚಿಯನ್ನು ತಿರುಗಿಸಿಕೊಂಡು ಹಮಾಲರಿಗೆ ನಂಬರು ಕೂಗಿದರು. ಅವರು ಆ ಮೂಲೆಯಿಂದ ಈ ಮೂಲೆಗೆ ನಡೆದರು. ಡ್ರೈವರ್ ಏನೋ ಗೊಣಗಿಕೊಂಡು ಹೊರಗೆ ಹೋದ. ತುಂಬಿ ಮುಗಿದ ಮೇಲೆ ಎರಡನೆಯ ಐಕಾನ್ ಒತ್ತಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಲಾರಿ ನಂಬರು, ಲಾಟು ನಂಬರು ಬರೆದು ಕಳಿಸಿದರು.

ಮ್ಯಾನೇಜರ್ ನನಗೆ ಫೋನ್ ಮಾಡಿದರು. "ರಿಪೋರ್ಟ್ ಬಂತು, ಸರಿ ಇದೆ. ಪರವಾಗಿಲ್ಲ ಕಣ್ರಿ, ಲಾಕ್ ಮಾಡಿದ್ದು ವರ್ಕ್ ಆಯ್ತು."

"ಲಾಕ್ ಮಾಡಿಲ್ಲ ಸಾರ್. ನನ್ನ ಶಾರ್ಟ್‌ಕಟ್ ತಪ್ಪು ಆರ್ಡರನ್ನ ಬೇಗ ತೆಗೆದು ತೋರಿಸ್ತು. ನಾನು ಅದನ್ನೇ ಕೂಗಿ ಹೇಳ್ದೆ. ತುಂಬ್ಬೇಡಿ ಅಂತ ನಿಲ್ಲಿಸಿದ್ದು ಯಜಮಾನ್ರು."

ಇದನ್ನು ಹೇಳಲು ನನಗೆ ಸುಲಭವಾಗಲಿಲ್ಲ. ಇಷ್ಟು ಓಡಾಡಿದವನು ನಾನು. ಹೆಸರು ನನಗೆ ಬರಬೇಕಿತ್ತು ಎಂದು ಒಳಗೊಳಗೆ ಅನಿಸುತ್ತಲೇ ಇತ್ತು, ಈಗಲೂ ಅನಿಸುತ್ತದೆ.

ಮ್ಯಾನೇಜರ್, "ಹಂಗಾದ್ರೆ ಹುಡುಗನ್ನ ಹೆಡ್ ಆಫೀಸಲ್ಲೇ ಇಟ್ಕೋತೀವಿ ಬಿಡಿ," ಎಂದರು.

ಫೋನಿಟ್ಟು ಒಳಗೆ ಬಂದು ಸೂಪರ್‌ವೈಸರಿಗೆ ವಿಷಯ ತಿಳಿಸಿದೆ. ಅವರು ತಲೆಯಾಡಿಸಿ, ಮುಂದಿನ ಲಾರಿ ಎಷ್ಟೊತ್ತಿಗೆ ಎಂದು ಫೋಲ್ಡರಿನಲ್ಲಿ ನೋಡತೊಡಗಿದರು.